ಜಲ ಏಳುವ ಅಡುಗೆಮನೆ

ಮನೆ ನೋಡಲು ಜನ ಬರುವ ದಿನ ಕಲ್ಲಮ್ಮನಿಗೆ ಬೆಳಿಗ್ಗೆಯೇ ವಹಿಸಿದ ಕೆಲಸ, ಗೋಣಿಚೀಲಗಳನ್ನು ಬಚ್ಚಿಡುವುದು.

"ಅಕ್ಕ, ಆ ಚೀಲ ಕಂಡ್ರೆ ರೇಟು ಬೀಳ್ತದೆ," ಎಂದ ಬ್ರೋಕರ್ ಬಾಲರಾಜ್, ಮೂಗಿಗೆ ಕರ್ಚೀಫು ಹಿಡಿದು.

ಮಳೆಗಾಲವಿಡೀ ನೀರು ಹೀರಿ, ಹಿಂಡಿಸಿಕೊಂಡು, ಮತ್ತೆ ಹೀರಿ ಕಪ್ಪಗಾದ ಚೀಲಗಳು. ಬಿಸಿಲಿಗೆ ಹಾಕಿದರೂ ಸತ್ತ ಇಲಿಯ ವಾಸನೆ ಬಿಟ್ಟಿರಲಿಲ್ಲ. ಕಲ್ಲಮ್ಮ ಅವನ್ನು ಬಚ್ಚಲ ಹಿಂದೆ ಸೌದೆಯ ಸಂದಿಗೆ ತುರುಕಿದಳು. ತನ್ನ ಇಷ್ಟು ವರ್ಷದ ದುಡಿಮೆಯನ್ನೂ ಅಲ್ಲೇ ತುರುಕಿದಂತಾಗಿ ಬಾಯಿ ಕಹಿಯಾಯಿತು.

ಮಲ್ಲಂದೂರಿನ ಆ ಜಾಗವನ್ನು ಅವಳ ಅಪ್ಪ ಅರಿಶಿನ-ಕುಂಕುಮಕ್ಕೆಂದು ಅವಳ ಹೆಸರಿಗೇ ಬರೆದುಕೊಟ್ಟಿದ್ದ. ಎಸ್ಟೇಟಿನಲ್ಲಿ ರೈಟರ್ ಆಗಿದ್ದ ಗಂಡ ಸಿದ್ದಬಸಪ್ಪ ಗುಡ್ಡ ಕಡಿದು, ಕಡಿದು ನಿಂತ ಮಣ್ಣಿನ ದರೆಯ ಬುಡದಲ್ಲೇ ಅಡುಗೆಮನೆ ಬರುವಂತೆ ಮನೆ ಕಟ್ಟಿಸಿದ. ಆಷಾಢ ಹಿಡಿಯಿತೆಂದರೆ ದರೆ ಕುಡಿದ ನೀರೆಲ್ಲ ನೆಲದೊಳಗಿಂದ ಜಲವಾಗಿ ಏಳುತ್ತಿತ್ತು, ಒಲೆಯ ಬುಡದಲ್ಲಿ, ಅಕ್ಕಿ ಡಬ್ಬದ ಅಡಿಯಲ್ಲಿ. ಕಲ್ಲಮ್ಮ ಚೀಲ ಹಾಸುವಳು, ಹಿಂಡುವಳು, ಆ ಒದ್ದೆಯಲ್ಲೇ ನಿಂತು ರೊಟ್ಟಿ ತಟ್ಟುವಳು. ಕಾಲ್ಬೆರಳ ಸಂದಿ ಕೊಳೆತು ಬೆಳ್ಳಗಾಗುತ್ತಿತ್ತು.

ದರೆಗೂ ಗೋಡೆಗೂ ನಡುವೆ ಆಳವಾಗಿ ಒಂದು ಚರಂಡಿ ತೋಡಿಸಿದ್ದರೆ ಸಾಕಿತ್ತು. ಮಳೆಗಾಲದಲ್ಲಿ ಗಂಡನನ್ನು ಕೇಳಿದರೆ, "ಈ ಮಳೇಲಿ ಯಾವ ಆಳು ಬರ್ತಾನೆ ಮಾರಾಯ್ತಿ?" ಬೇಸಿಗೆಯಲ್ಲಿ ಕೇಳಿದರೆ, "ಒಣಗೇ ಇದ್ಯಲ್ಲ, ಈಗೇನು ನಿನ್ನ ಗೋಳು?"

ಕೆಲಸ ಬಿಟ್ಟ ಮೇಲೆ ಸಿದ್ದಬಸಪ್ಪನಿಗೆ ಇದನ್ನು ಮಾರಿ ಚಿಕ್ಕಮಗಳೂರಿನಲ್ಲಿ ಮನೆ ಕೊಳ್ಳುವ ಹುಕಿ ಹತ್ತಿತು. "ಮನೆಗೆ ಮುಖ ಮುಖ್ಯ ಸಾರ್," ಎಂದ ಬಾಲರಾಜ್. ಮುಂದೆ ಕಮಾನು ಎದ್ದಿತು. ಮುಂಜಗಲಿ ಸಿಟೌಟಾಯಿತು, ಅದಕ್ಕೆ ಗ್ರಾನೈಟ್ ಬಂತು. ಅಡುಗೆಮನೆಯ ಬಿರುಕುಗಳ ಮೇಲೆ ಬಿಳಿ ಟೈಲ್ಸ್ ಕೂತವು. ಕೆಲಸದವರಿಗೆ ಬೇಯಿಸಿ ಹಾಕಿ, ಸಿಮೆಂಟು ಧೂಳು ಉಜ್ಜಿದವಳು ಕಲ್ಲಮ್ಮ. "ನಾನು ರಿನೋವೇಶನ್ ಮಾಡ್ಸಿದೆ," ಎಂದು ಮಲ್ಲಂದೂರು ತುಂಬ ಹೇಳಿಕೊಂಡು ಬಂದವನು ಸಿದ್ದಬಸಪ್ಪ. ಕಲ್ಲಮ್ಮ ಎಲ್ಲ ನುಂಗಿಕೊಂಡಳು. ಮನೆ ಮಾರಿದರೆ ಒಂದು ಒಣ ಅಡುಗೆಮನೆ ಸಿಕ್ಕೀತು ಎಂಬ ಆಸೆ ಅವಳಿಗೂ ಇತ್ತು.

ಕೊಳ್ಳಲು ಬಂದವನು ಹಾಸನದ ರವಿಶಂಕರ. ಹೋಂಸ್ಟೇ ಮಾಡುವ ಯೋಚನೆ. ಗಂಡಸರು ಸಿಟೌಟಿನಲ್ಲಿ ಕೂತರು. ಅವನ ಹೆಂಡತಿ ಅರ್ಚನಾ ನೇರ ಅಡುಗೆಮನೆಗೆ ಬಂದು, ಬಗ್ಗಿ ಟೈಲ್ಸ್ ಮೇಲೆ ಬೆರಳ ಗೆಣ್ಣಿನಿಂದ ಬಡಿದು ನೋಡಿದಳು.

"ಆಂಟಿ, ಮಳೆಗಾಲದಲ್ಲಿ ಇಲ್ಲಿ ಹೇಗಿರುತ್ತೆ? ಬರೋರಿಗೆಲ್ಲ ನಾನೇ ಬೇಯಿಸ್ಬೇಕು, ಅದಕ್ಕೆ ಕೇಳ್ದೆ."

ಕಲ್ಲಮ್ಮ ಹುಡುಗಿಯ ಪಾದ ನೋಡಿದಳು. ಚಿಕ್ಕಮಗಳೂರಿನ ಒಣ ಅಡುಗೆಮನೆ ಒಮ್ಮೆ ಕಣ್ಣೆದುರು ಬಂದು ಹೋಯಿತು.

"ಜಲ ಏಳ್ತದೆ ಮಗ," ಎಂದಳು. "ಈ ಟೈಲ್ಸೆಲ್ಲ ಒಂದೇ ಮಳೆಗೆ ಎದ್ದು ಕೂರ್ತವೆ."

ಅರ್ಚನಾ ಹೊರಗೆ ಬಂದು ಗಂಡನಿಗೆ ಹೇಳಿದಳು. ಹಿಂದೆಯೇ ಬಂದು ಬಾಗಿಲಲ್ಲಿ ನಿಂತ ಹೆಂಡತಿಯನ್ನು ಸಿದ್ದಬಸಪ್ಪ ಸುಡುವಂತೆ ನೋಡಿದ. ರವಿಶಂಕರ ಮಾತ್ರ ನಕ್ಕ.

"ಜಲ ತಾನೆ? ರೇಟಲ್ಲಿ ಅಷ್ಟು ಇಳಿಸಿ ಸಾರ್, ಮುಗೀತು."

ಚೌಕಾಸಿ ನಡೆಯಿತು, ರೇಟು ಇಳಿಯಿತು, ಒಪ್ಪಿಗೆಯೂ ಆಯಿತು.

"ಆ ಉಳಿದ ದುಡ್ಡಲ್ಲಿ ಅಡುಗೆಮನೆ ಸರಿ ಮಾಡಿಸ್ತೀರಾ?" ಅರ್ಚನಾ ಗಂಡನನ್ನು ಕೇಳಿದಳು.

"ಮೊದ್ಲು ಮೇಲೆ ರೂಮು ಹಾಕ್ಸೋಣ. ಅದೇನು, ಒರೆಸಿದ್ರೆ ಹೋಗೋ ನೀರು."

"ಅಕ್ಕ ಇಷ್ಟು ವರ್ಷ ಒರೆಸಿಲ್ವಾ?" ಬಾಲರಾಜ್ ದನಿಗೂಡಿಸಿದ. ಗಂಡಸರು ಮೂವರೂ ನಕ್ಕರು.

ಕಲ್ಲಮ್ಮನಿಗೆ ಚೀಲದ ನಾತಕ್ಕೆ ಎಂದೂ ಬಾರದ ಹೇಸಿಗೆ ಈ ನಗುವಿಗೆ ಬಂತು. ಹಿತ್ತಿಲಿಗೆ ಹೋದಳು. ಸೌದೆಯ ಸಂದಿಯಿಂದ ಚೀಲಗಳನ್ನು ಎಳೆದು ತಂದು ಹೊಳೆಯುವ ಗ್ರಾನೈಟಿನ ಮೇಲೆ ಧೊಪ್ಪನೆ ಹಾಕಿದಳು.

"ತಗೊಳಿ. ಇದೂ ಮನೆ ಜೊತೆಗೇ ಬರ್ತದೆ."

"ತಲೆ ಕೆಟ್ಟಿದ್ಯೇನೇ?" ಸಿದ್ದಬಸಪ್ಪ ಗುಡುಗಿದ.

"ಜಾಗ ನನ್ ಹೆಸರಲ್ಲಿದೆ ಕಣ್ರೀ. ದರೆ ಬುಡಕ್ಕೆ ಚರಂಡಿ ತೋಡ್ಸಿ. ಒಂದು ಮಳೆಗಾಲ ಹೋಗ್ಲಿ. ನೆಲ ಒಣಗಿದ್ರೆ ರುಜು ಹಾಕ್ತೀನಿ. ಜಲ ಎದ್ರೆ, ಚೀಲ ಇಲ್ಲೇ ಇದಾವೆ, ನೀವೇ ಹಿಂಡಿ."

ಅರ್ಚನಾ ಗಂಡನ ಪಕ್ಕದಿಂದ ಎದ್ದು ಬಂದು ಕಲ್ಲಮ್ಮನ ಹತ್ತಿರ ನಿಂತಳು. ಚೀಲದ ಮಡಿಕೆಯಿಂದ ಒಂದು ಜರಿಹುಳ ಹೊರಟು ಗ್ರಾನೈಟಿನ ಮೇಲೆ ಸರಸರ ಹರಿಯಿತು. ಮೂವರು ಗಂಡಸರೂ ಒಟ್ಟಿಗೇ ಕಾಲೆತ್ತಿ ಕೂತರು.