ಎಡಗೈ ಮರೆಯ ರಿಪೋರ್ಟು

ಅರವತ್ತರ ದಶಕದಲ್ಲಿ ನಾನು ಗುಮಾಸ್ತನಾಗಿದ್ದ ದಾಂಡೇಲಿಯ ಕಟ್ಟಿಗೆ ಕಂಪನಿಯ ಮ್ಯಾನೇಜರರು, ವರ್ಷಕ್ಕೊಮ್ಮೆ ನಮ್ಮೆಲ್ಲರ ಕೆಲಸದ ರಿಪೋರ್ಟನ್ನು ಪರೀಕ್ಷೆ ಬರೆಯುವವರಂತೆ ಎಡಗೈ ಮರೆ ಮಾಡಿಕೊಂಡು ಬರೆಯುತ್ತಿದ್ದರು. ಕೇಳಿದರೆ ಒಂದೇ ಮಾತು: “ನಿಮ್ಮ ಒಳ್ಳೇದಕ್ಕ ಬರದೇನ್ರಿ.” ಬರೆದದ್ದೇನೆಂದು ಮುಖ್ಯ ಕಚೇರಿಯ ಪತ್ರ ಬಂದಾಗಲೇ ತಿಳಿಯುತ್ತಿತ್ತು.

ಸದ್ದು ಕೇಳಿಯೇ ಗರಗಸದ ರೋಗ ಹೇಳುತ್ತಿದ್ದ ಫಿಟರ್‌ಗೆ ಪ್ರತಿ ವರ್ಷವೂ ‘ಸುಧಾರಿಸಬೇಕು’. ಹಳಿಯಾಳಕ್ಕೆ ಹೋಗಬೇಕಾದ ಸಾಗವಾನಿಯನ್ನು ಎರಡು ಸಲ ತಪ್ಪಿ ಜೋಯಿಡಾಕ್ಕೆ ಕಳಿಸಿದ್ದ ನನಗೆ ‘ಅತ್ಯುತ್ತಮ’! ಜೊತೆಗೆ ಬಡ್ತಿ, ಮುಂಡಗೋಡ ಶಾಖೆಯ ಮುಖ್ಯಸ್ಥನಾಗಿ. ನನ್ನ ಯೋಗ್ಯತೆ ಕೊನೆಗೂ ಒಬ್ಬರ ಕಣ್ಣಿಗೆ ಬಿತ್ತಲ್ಲ ಎಂದು ಧಾರವಾಡದ ಪೇಡೆ ತರಿಸಿ ಹಂಚಿದೆ. ಮ್ಯಾನೇಜರರು ಎರಡು ತಿಂದರು.

ಫಿಟರ್ ಮಾತ್ರ ಪೇಡೆ ಕೈಯಲ್ಲೇ ಹಿಡಿದು ನಕ್ಕ. “ಸಾಹೇಬ್ರು ಹೊಗಳಿದ್ರು, ನೀವು ಹೊಂಟ್ರಿ. ನನ್ನೂ ಹೊಗಳಿದ್ರ ನಾನೂ ಹೋಗ್ತೇನಿ. ಆಮ್ಯಾಲ ಗರಗಸ ಯಾರು ನೋಡ್ಬೇಕ್ರಿ?”

ಮುಂಡಗೋಡದಲ್ಲಿ ನನ್ನ ಪಾಲಿಗೆ ಬಂದ ಗುಮಾಸ್ತ ಊಟವಾದ ಮೇಲೆ ರಜಿಸ್ಟರಿನ ಮೇಲೇ ಮಲಗುತ್ತಿದ್ದ. ವರ್ಷದ ಕೊನೆಗೆ ಅವನ ರಿಪೋರ್ಟು ಬರೆಯಲು ಕೂತಾಗ ನನ್ನ ಎಡಗೈ ತಾನಾಗಿಯೇ ಅಡ್ಡ ಬಂತು. ಅವನು ಇಣುಕಿದ.

“ನಿನ್ನ ಒಳ್ಳೇದಕ್ಕ ಬರದೇನೋ,” ಎಂದೆ.

ಬಡ್ತಿ ಬಂದ ದಿನ ಅವನೂ ಪೇಡೆ ತಂದ. ನಾನು ಎರಡು ತಿಂದೆ.