ನಾಲ್ಕನೇ ಪೈಪಿನ ಸೇವಂತಿಗೆ

"ಫಿಶ್ ಟ್ಯಾಂಕಿಗಾ ಆಂಟಿ?"

ಬಾಪೂಜಿ ನಗರದ ಹಾರ್ಡ್‌ವೇರ್ ಅಂಗಡಿಯವನು ಹಾಗೆ ಕೇಳಿದ್ದರಲ್ಲಿ ತಪ್ಪೇನಿಲ್ಲ. ಒಳಗಿರುವುದು ಹೊರಗೆ ಕಾಣುವಂಥ ಪ್ಲಾಸ್ಟಿಕ್ ಪೈಪು, ಹೆಬ್ಬೆರಳು ದಪ್ಪದ್ದು, ಮೂರು ತುಂಡು ಬೇಕು ಅಂದಿದ್ದೆ.

"ಅಲ್ಲಪ್ಪ, ರಾಗಿಗೆ" ಅಂದೆ. ಅವನು ನನ್ನ ಮುಖವನ್ನೊಮ್ಮೆ ನೋಡಿ ಕತ್ತರಿಸಿಕೊಟ್ಟ.

ನಿಜಕ್ಕೂ ರಾಗಿಗೇ. ಕೆಂಗೇರಿ ಉಪನಗರ ದಾಟಿ ಇನ್ನಷ್ಟು ಮುಂದೆ ಹೋದರೆ ನನ್ನ ತವರು. ಸುತ್ತ ಎಲ್ಲ ಸೈಟಾಗಿದೆ, ನಡುವೆ ನಮ್ಮದು ಎರಡು ಎಕರೆ ಉಳಿದಿದೆ. ಉಳಿಸಿದವರು ಅಣ್ಣನ ಹೆಂಡತಿ, ನಮ್ಮ ಗೌರಮ್ಮ ಅತ್ತಿಗೆ. ಅವರ ಬಳಿ ಟ್ರ್ಯಾಕ್ಟರಿಗೆ ಕಟ್ಟುವ ಹಳೆಯ ಕೂರಿಗೆಯೊಂದಿದೆ. ಮೇಲೆ ಉದ್ದನೆಯ ಬೀಜದ ಪೆಟ್ಟಿಗೆ, ಅದರಿಂದ ಇಳಿಯುವ ಒಂಬತ್ತು ಪೈಪು, ಒಂದೊಂದು ಪೈಪಿನ ಕೆಳಗೂ ನೆಲ ಸೀಳುವ ಒಂದು ಕಬ್ಬಿಣದ ತಾಳು. ಪಕ್ಕದ ಚಕ್ರ ಉರುಳಿದರೆ ಬೀಜ ಇಳಿಯುತ್ತದೆ, ನಿಂತರೆ ನಿಲ್ಲುತ್ತದೆ. ಅಷ್ಟೇ.

ಅದಕ್ಕೆ ನನ್ನ ಮಗಳಿಗಿಂತ ಹೆಚ್ಚು ವಯಸ್ಸು (ಅವಳಿಗೆ ಮದುವೆಯಾಗಿದೆ). ಅಷ್ಟರಲ್ಲಿ ಆರ್‌ಪಿಸಿ ಲೇಔಟಿನ ನಮ್ಮ ಮನೆಗೆ ನಾಲ್ಕು ಮಿಕ್ಸಿ ಬಂದು ಹೋದವು. ಕೂರಿಗೆ ಮಾತ್ರ ಹಾಗೇ ಇದೆ. ಯಾಕೆ? ಬಿತ್ತನೆ ಮುಗಿದ ದಿನವೇ ಅತ್ತಿಗೆ ಪೆಟ್ಟಿಗೆ ಖಾಲಿ ಮಾಡಿ, ಹಳೇ ಟೂತ್ ಬ್ರಶ್ಶಿನಲ್ಲಿ ಮೂಲೆ ಮೂಲೆ ಉಜ್ಜಿ, ತಾಳುಗಳಿಗೆ ಎಣ್ಣೆ ಸವರಿ, ಚೈನಿಗೆ ಗ್ರೀಸ್ ಹಚ್ಚಿ, ಪೈಪುಗಳನ್ನು ಬಿಚ್ಚಿ ಅಟ್ಟದಲ್ಲಿ ತೂಗುಹಾಕುತ್ತಾರೆ. ಈ ಸಲ ಇಲಿ ಅಲ್ಲಿಗೂ ಹೋಗಿ ಮೂರು ಪೈಪು ಕಡಿದಿತ್ತು. ಅದಕ್ಕೇ ನನಗೆ ಫೋನು.

"ಮಳೆ ಬಿದ್ದು ಮಣ್ಣಿಗೆ ಹದ ಬಂದಿದೆ ಕಣೇ. ಸೋಮವಾರ ಬಿತ್ತಲೇಬೇಕು. ಮಧ್ಯಾಹ್ನದ ಮೇಲೆ ನಂಜಪ್ಪನ ಟ್ರ್ಯಾಕ್ಟರು ಬೇರೆಯವರ ಹೊಲಕ್ಕೆ ಹೋಗುತ್ತೆ. ನನ್ನ ಮಂಡಿ ಕೈಕೊಟ್ಟಿದೆ. ಪೈಪು ತಗೊಂಡು ನೀನೇ ಬಾ, ಕೂರಿಗೆ ಹಿಂದೆ ನಡಿ."

(ಸೋಮವಾರ ನಮ್ಮಲ್ಲಿ ಎತ್ತಿಗೆ ನೊಗ ಹೂಡುವುದಿಲ್ಲ, ಬಸವನಿಗೆ ರಜೆ. ಟ್ರ್ಯಾಕ್ಟರಿಗೆ ಆ ಪುಣ್ಯ ಇಲ್ಲ.)

ಕೂರಿಗೆಯ ಹಿಂದೆ ಒಬ್ಬರು ನಡೆಯಲೇಬೇಕು, ಒಂಬತ್ತು ಪೈಪಿನಲ್ಲೂ ಬೀಜ ಇಳಿಯುತ್ತಿದೆಯಾ ಅಂತ ನೋಡುತ್ತಾ. ಒಂದು ಕಟ್ಟಿಕೊಂಡರೂ ತಾಳು ಗೆರೆ ಎಳೆಯುತ್ತದೆ, ಮಣ್ಣು ಮುಚ್ಚುತ್ತದೆ, ಬಿತ್ತಿದ ಹಾಗೇ ಕಾಣುತ್ತದೆ. ಮೋಸ ತಿಳಿಯುವುದು ಮೊಳಕೆ ಬಂದಾಗ. ಅಷ್ಟರಲ್ಲಿ ಹದ ಎಲ್ಲಿರುತ್ತೆ?

ಸೋಮವಾರ ಬೆಳಿಗ್ಗೆ ಅತ್ತಿಗೆ ಕೂರಿಗೆಗೆ ವಿಭೂತಿ ಇಟ್ಟು, ಊದುಬತ್ತಿ ಬೆಳಗಿದರು. ನನಗೆ ಸಾಲಲಿಲ್ಲ. ಇಷ್ಟು ವರ್ಷ ಅನ್ನ ಕೊಟ್ಟ ವಸ್ತುವಿಗೆ ಇಷ್ಟೇ ಪೂಜೆಯಾ? ಅವರು ಅತ್ತ ತಿರುಗಿದಾಗ ಪೆಟ್ಟಿಗೆಯ ಮುಚ್ಚಳ ತೆಗೆದು, ತಳದಲ್ಲಿ ಅರಿಶಿನ ಕುಂಕುಮ ಹಾಕಿ, ತೀರ್ಥ ಚಿಮುಕಿಸಿ, ಒಂದು ಸೇವಂತಿಗೆ ಇಟ್ಟೆ. ಅದರ ಮೇಲೆ ನಂಜಪ್ಪ ರಾಗಿ ಸುರಿದ. ಟ್ರ್ಯಾಕ್ಟರು ಹೊರಟಿತು.

ಎಂಥ ನೋಟ ಅಂತೀರಿ! ಪೈಪಿನೊಳಗೆ ರಾಗಿ ಇರುವೆ ಸಾಲಿನ ಹಾಗೆ ಇಳಿಯುತ್ತಿತ್ತು. ಹಿಂದೆ ಒಂಬತ್ತು ಗೆರೆ, ಬಾಚಣಿಗೆಯಲ್ಲಿ ಬಾಚಿದ ಹಾಗೆ. ನಾನು ಪಂಚಾಕ್ಷರಿ ಹೇಳಿಕೊಳ್ಳುತ್ತಾ, ನಾನು ತಂದ ಹೊಸ ಪೈಪುಗಳನ್ನೇ ನೋಡುತ್ತಾ ನಡೆದೆ (ನಮ್ಮದು ನಮಗೆ ಚೆಂದ). ಐದನೇ ಸುತ್ತಿಗೆ ಕಣ್ಣು ಹಳೇ ಪೈಪುಗಳ ಕಡೆ ಹೋಯಿತು. ನಾಲ್ಕನೆಯದರಲ್ಲಿ ಏನೂ ಇಳಿಯುತ್ತಿರಲಿಲ್ಲ.

ಯಾಕೆ ಅಂತ ತಕ್ಷಣ ಗೊತ್ತಾಯಿತು. ನಿಮ್ಮ ಹತ್ತಿರ ಮುಚ್ಚುಮರೆ ಯಾಕೆ, ಹತ್ತು ಹೆಜ್ಜೆ ಸುಮ್ಮನೆ ನಡೆದೆ. ಯಾರು ನೋಡಿದ್ದಾರೆ? ಇಲಿಯ ಮೇಲೆ ಹಾಕಿದರೆ ಆಗದೇ? ಆದರೆ ಅದು ಅವರ ವರ್ಷದ ರಾಗಿ.

"ನಿಲ್ಸಪ್ಪಾ!" ಅಂತ ಕೂಗಿದೆ.

"ಏನಕ್ಕಾ, ಹಾವಾ?" ನಂಜಪ್ಪ ಎಗರಿ ಇಳಿದ.

ಬದುವಿನ ಮೇಲಿದ್ದ ಅತ್ತಿಗೆ ಕುಂಟುತ್ತಾ ಬಂದರು. ಕೂರಿಗೆಗೇ ಕಟ್ಟಿಟ್ಟಿದ್ದ ಹಳೇ ಕೊಡೆಯ ಕಡ್ಡಿ ಬಿಚ್ಚಿ ಪೈಪಿಗೆ ತೂರಿಸಿದರು. ಕುಂಕುಮದ ಕೆಸರಿನಲ್ಲಿ ಮೆತ್ತಿದ ಹೂವಿನ ಎಸಳುಗಳು ಉಂಡೆಯಾಗಿ ಬಂದವು.

"ನಾನೇ ಇಟ್ಟೆ ಅತ್ತಿಗೆ. ಪೂಜೆಗೆ."

"ದೇವರ ತಲೆ ಮೇಲೆ ಹೂ ಇಡ್ತಾರೆ ಕಣೇ, ಗಂಟಲಿಗೆ ತುರುಕ್ತಾರಾ?"

"ಬಿಡಿ ಗೌರಮ್ಮೋರೇ, ಆ ಸಾಲಲ್ಲಿ ಸೇವಂತಿಗೆ ಬರುತ್ತೆ" ಅಂದ ನಂಜಪ್ಪ.

"ಏಯ್, ನೀನು ಸುಮ್ನಿರೋ."

ಅತ್ತಿಗೆ ನೋವಿನ ಮಂಡಿಯೂರಿ ಒಂದೊಂದು ಸುತ್ತಿನ ನಾಲ್ಕನೇ ಗೆರೆಯನ್ನೂ ಬೆರಳಲ್ಲಿ ಕೆದಕಿದರು. ಮೊದಲ ಸುತ್ತಿನದು ಬಿಟ್ಟು ನಾಲ್ಕು ಸಾಲು ಖಾಲಿ. ರಾಗಿ ನಡುವೆ ಅವರೆಯ ಅಕ್ಕಡಿ ಸಾಲು ಹಾಕುವುದು ನಮ್ಮ ಕಡೆಯ ಹಳೇ ಪದ್ಧತಿ. ಕೈಯಲ್ಲಿ ಒಂದೊಂದೇ ಕಾಳು ಹಾಕಲು ಮಂಡಿ ಬಗ್ಗುವುದಿಲ್ಲ ಅಂತ ಈ ವರ್ಷ ಅವರು ಅದನ್ನು ಕೈಬಿಟ್ಟಿದ್ದರು.

"ಮನೇಲಿ ಅವರೆ ಬೀಜ ಇದೆ, ತಗೊಂಡು ಬಾ. ಗೇಣಿಗೊಂದು ಕಾಳು. ಬಗ್ಗು" ಅಂದರು.

ಬಗ್ಗಿದೆ. ಎರಡನೇ ಸಾಲಿಗೇ ನನ್ನ ಸೊಂಟ ಹೋಯಿತು. ಅತ್ತಿಗೆ ಅದೇ ಮಂಡಿಯಲ್ಲಿ ಕೂರಿಗೆಯ ಹಿಂದೆ ತಾವೇ ನಡೆದರು. ಮಧ್ಯಾಹ್ನದೊಳಗೆ ಹೊಲ ಮುಗಿಯಿತು. ಊಟಕ್ಕೂ ಮೊದಲು ಅವರು ಕೂತಿದ್ದು ಕೂರಿಗೆಯ ಮುಂದೆ, ಟೂತ್ ಬ್ರಶ್ ಹಿಡಿದು. ಪೆಟ್ಟಿಗೆಯ ತಳದ ಕುಂಕುಮ ಹೋಗಲು ಬಹಳ ಹೊತ್ತು ಬೇಕಾಯಿತು. ನೋಡಲಾಗದೆ ಎಣ್ಣೆ ಬಟ್ಟೆ ತೆಗೆದುಕೊಂಡು ನಾನೂ ಪಕ್ಕದಲ್ಲಿ ಕೂತೆ.

ಮೊನ್ನೆ ಹೋಗಿದ್ದೆ. ರಾಗಿ ಹಸಿರಾಗಿ ಎದ್ದಿದೆ, ನಡುವೆ ನಾಲ್ಕು ಸಾಲು ಅವರೆ ಎರಡೆರಡು ಎಲೆ ಬಿಟ್ಟಿದೆ. ಹದ ಆರುವ ಮೊದಲೇ ಕಾಳು ಬಿತ್ತು, ಅತ್ತಿಗೆ ಮನಸ್ಸಿನಲ್ಲಿ ಇಟ್ಟುಕೊಳ್ಳಲಿಲ್ಲ. ನನ್ನಂಥವಳಿಗೆ ಇಷ್ಟು ಕೃಪೆ ಸಾಕು.

ಆದರೂ ಬದುವಿನ ಮೇಲೆ ನಿಂತಾಗ ಒಂದು ಯೋಚನೆ ಬಂತು. ಅವತ್ತು ನಾನು ಬಾಯಿ ಮುಚ್ಚಿಕೊಂಡಿದ್ದರೆ, ಆ ಖಾಲಿ ಸಾಲುಗಳನ್ನು ನೋಡಿ ಎಲ್ಲರಿಗಿಂತ ಮೊದಲು "ಶಿವನ ಇಚ್ಛೆ" ಅನ್ನುತ್ತಿದ್ದವಳು ಯಾರು?