ಹಡಗಿನ ಗಡಿಯಾರ

ಬೇಗಂಪೇಟೆಯ ಟ್ರಾವೆಲ್ ಆಫೀಸಿನಲ್ಲಿ ನಮ್ಮ ಹಡಗು ಪ್ರವಾಸದ ಕಾಗದ ಕೈಗೆ ಬಂತು. ಫುಕೆಟ್ ಸುತ್ತಿ ನಾಲ್ಕೂವರೆಗೆ ಬಂದರಿಗೆ ವಾಪಸು. ಐದಕ್ಕೆ ಹಡಗು ಬಿಡುತ್ತದೆ.

"ಈ ಐದು ಯಾವ ಗಡಿಯಾರದ್ದಪಾ?" ಎಂದಳು ಅಕ್ಕ.

ಕಲಬುರಗಿ ಕಡೆಯ ಏಜೆಂಟ್ ಕಂಪ್ಯೂಟರ್ ನೋಡಿದ. "ಹಡಗಿಂದ್ರಿ, ಸಿಂಗಪುರದ ಟೈಮ್. ಫುಕೆಟ್ ಒಂದು ತಾಸು ಹಿಂದೈತಿ. ನಾಲ್ಕೂವರಿ ಅನ್ನೂದು ಅಲ್ಲಿನ ಟೈಮ್."

"ಹಂಗಾರ ಅಲ್ಲಿ ನಾಲ್ಕಕ್ಕ ಹಡಗು ಹೋಗಿರ್ತೈತಿ."

"ಸ್ವಲ್ಪ ಕಾಯ್ತಾರ ಬಿಡ್ರಿ ಅಕ್ಕಾರ."

ಅಕ್ಕ ಮೂವತ್ತು ವರ್ಷ ರಕ್ಷಣಾ ಕಾರ್ಖಾನೆಯಲ್ಲಿ ದುಡಿದವಳು. ಅಲ್ಲಿನ ಗೇಟಿನ ಗಡಿಯಾರ ಹತ್ತು ನಿಮಿಷ ಮುಂದಿತ್ತು. ಗೇಟು ಮುಚ್ಚುತ್ತಿದ್ದುದು ಅದರ ಪ್ರಕಾರವೇ. ನಿವೃತ್ತಿಯಾದರೂ ಅವಳ ಕೈಗಡಿಯಾರ ಇನ್ನೂ ಹತ್ತು ನಿಮಿಷ ಮುಂದೆ. ಏಜೆಂಟನ ಪೆನ್ನು ಕಿತ್ತುಕೊಂಡು, ನಾಲ್ಕೂವರೆ ಹೊಡೆದುಹಾಕಿ, ಎರಡೂವರೆ ಎಂದು ಬರೆದಳು.

"ಊರು ನೋಡೂದು ಕಡಿಮಿ ಆಗ್ತೈತ್ರಿ," ಎಂದ.

"ಹಡಗು ಬಿಟ್ಟು ಹೋದ್ರ ಬರೇ ಊರ ನೋಡ್ಕೋತ ಕುಂದ್ರಬೇಕಾಗ್ತೈತಿ."